ಐದು ಸಲ ಯಾಕೆ

ಒಬ್ಬ ಮನುಷ್ಯನ ಕೆಮ್ಮನ್ನು ನಾನು ಮೂರು ವಾರ ಆಸ್ಪತ್ರೆಯ ಮಂಚದ ಮೇಲೆ ಮಲಗಿ ದ್ವೇಷಿಸಿದ್ದೇನೆ. ಆತ ನಮ್ಮ ಪ್ರೊಡಕ್ಷನ್ ಮ್ಯಾನೇಜರ್. ದೈವಭಕ್ತ, ದಿನಾ ಹಣೆ ತುಂಬ ವಿಭೂತಿ, ಯಾರಿಗೂ ಕೆಟ್ಟದ್ದು ಬಯಸುವವನಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇರಲಿ. ನನ್ನ ಪಾಲಿಗೆ ಆತ ಅಂದರೆ ಆ ಕೆಮ್ಮು, ಅಷ್ಟೇ.

ಪೀಣ್ಯದಲ್ಲಿ ಗೇರ್ ಮಾಡುವ ಕಾರ್ಖಾನೆ ನಮ್ಮದು. ನಾನು ಅಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ತಯಾರಾದ ಗೇರನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿದ್ದರೂ ಪಕ್ಕಕ್ಕಿಡುವುದು ನನ್ನ ಕೆಲಸ. ನನ್ನೊಳಗೆ ಕೆಲಸ ಮಾಡುತ್ತಿರುವ ಕಿಡ್ನಿ ಮಾತ್ರ ನನ್ನದಲ್ಲ, ಅಕ್ಕನದು. ಅಕ್ಕ ಲಗ್ಗೆರೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ನನ್ನವೆರಡೂ ಕೈಕೊಟ್ಟು, ಡಯಾಲಿಸಿಸ್ಸಿಗೆ ಓಡಾಡಿ ನಾನು ಕಡ್ಡಿಯಾಗಿದ್ದಾಗ ಡಾಕ್ಟರ ಮುಂದೆ ಕೂತು, "ನಂದೊಂದು ತಗೊಳ್ಳಿ ಮೇಡಂ. ಮಿಷನ್ ತುಳಿಯಕ್ಕೆ ನಂಗೆ ಒಂದು ಸಾಕು" ಎಂದವಳು ಅವಳು.

ಬೇರೆಯವರ ಕಿಡ್ನಿಯನ್ನು ಮೈ ಸುಮ್ಮನೆ ಒಪ್ಪುವುದಿಲ್ಲ. ಹೊರಗಿನವನು ನುಗ್ಗಿದ ಎಂದು ಮೇಲೆ ಬೀಳುತ್ತದೆ. ಹಾಗೆ ಬೀಳದಿರಲಿ ಎಂದು ಬೆಳಿಗ್ಗೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ಮಾತ್ರೆ. ಆ ಮಾತ್ರೆ ಮೈಯ ಕಾವಲನ್ನೇ ಮಂಪರಿಗೆ ಹಾಕುತ್ತದೆ. ಉಳಿದವರಿಗೆ ಶುಂಠಿ ಕಷಾಯಕ್ಕೆ ಹೋಗುವ ನೆಗಡಿ ನನಗಾದರೆ ನೇರ ಎದೆಗಿಳಿಯಬಹುದು. ಅದಕ್ಕೇ ನಾನು ಕೆಲಸದಲ್ಲಿ ಮಾಸ್ಕ್ ತೆಗೆಯುತ್ತಿರಲಿಲ್ಲ. ಕೇಳಿದವರಿಗೆ "ಧೂಳಿನ ಅಲರ್ಜಿ ಗುರು" ಎನ್ನುತ್ತಿದ್ದೆ. ಕಿಡ್ನಿಯ ವಿಷಯ ಕಾರ್ಖಾನೆಯಲ್ಲಿ ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಅಕ್ಕ ಕೇಳಿದಾಗ ಮಾತ್ರ "ಎಲ್ಲಾ ಹೇಳಿದೀನಿ, ಅವ್ರಿಗೆ ಗೊತ್ತು" ಎಂದು ಬಾಯಿ ಮುಚ್ಚಿಸಿದ್ದೆ. ಯಾಕೆ ಹೇಳಿರಲಿಲ್ಲ ಎಂಬುದಕ್ಕೆ ಆಮೇಲೆ ಬರುತ್ತೇನೆ.

ನಮ್ಮಲ್ಲಿ ದಿನಾ ಬೆಳಿಗ್ಗೆ ಮಿಷನ್ ಶುರುವಾಗುವ ಮೊದಲು ಎಲ್ಲರೂ ಗುಂಡಗೆ, ಭುಜಕ್ಕೆ ಭುಜ ತಾಗಿಸಿ ನಿಂತು ಸುರಕ್ಷತಾ ಪ್ರತಿಜ್ಞೆ ಮಾಡಬೇಕು. ಒಬ್ಬ ಓದುವುದು, ಮಿಕ್ಕವರು ಬಲಗೈ ಮುಂದೆ ಚಾಚಿ ಅದನ್ನೇ ಹೇಳುವುದು. ಆವತ್ತು ಓದುವ ಸರದಿ ನನ್ನದು. ಮ್ಯಾನೇಜರ್ ನನ್ನ ಪಕ್ಕದಲ್ಲೇ ನಿಂತಿದ್ದ. ಕಣ್ಣು ಕೆಂಪು, ಮೂಗು ಸೊರಸೊರ.

"ರಾತ್ರಿಯಿಂದ ಸುಡೋ ಜ್ವರ ಕಣ್ರಪ್ಪಾ. ಆದ್ರೂ ಬಂದಿದೀನಿ ನೋಡಿ. ಸರ್ವೀಸಲ್ಲಿ ಒಂದೇ ಒಂದು ಸಿಕ್ ಲೀವ್ ಹಾಕಿಲ್ಲ ನಾನು" ಎಂದ. ಅದಕ್ಕೆ ಚಪ್ಪಾಳೆ ಬೇರೆ! ಆಮೇಲೆ ನನ್ನ ಕಡೆ ತಿರುಗಿ, "ಏನಪ್ಪಾ, ಮಾಸ್ಕ್ ತೆಗಿ. ಫೋಟೋ ಹೆಡ್ ಆಫೀಸ್‌ಗೆ ಹೋಗ್ಬೇಕು, ಮುಖ ಕಾಣ್ಲಿ" ಎಂದ.

"ಸಾರ್, ಅಲರ್ಜಿ..."

"ಎರಡು ನಿಮಿಷಕ್ಕೆ ಯಾವ ಅಲರ್ಜಿ ಬರತ್ತಯ್ಯಾ? ತೆಗಿ ತೆಗಿ, ಟೈಮಾಗತ್ತೆ."

ತೆಗೆದೆ. ಪ್ರತಿಜ್ಞೆಯಲ್ಲಿ ಸಹೋದ್ಯೋಗಿಗಳ ಜೀವ ಕಾಪಾಡುತ್ತೇನೆ ಎಂಬ ಸಾಲಿಗೆ ನಾನು ಬರುವ ಹೊತ್ತಿಗೆ ಆತ ಕೆಮ್ಮಿದ. ಕೈ ಅಡ್ಡ ಇಡಲಿಲ್ಲ, ಯಾಕೆಂದರೆ ಕೈ ಪ್ರತಿಜ್ಞೆಗೆ ಚಾಚಿತ್ತಲ್ಲ. ನನ್ನ ಕೆನ್ನೆಗೆ ಬಿಸಿ ತಾಗಿತು.

ಮೂರನೆಯ ದಿನ ಮೈಕೈ ನೋವು. ನಾಲ್ಕನೆಯ ದಿನ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಅಕ್ಕ ನನ್ನ ತುಟಿಯ ಬಣ್ಣ ನೋಡಿದವಳೇ ಹೊಲಿಯುತ್ತಿದ್ದುದನ್ನು ಅಲ್ಲೇ ಬಿಸಾಕಿ ಆಟೋ ಕರೆದಳು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಫ್ಲೂ, ಎರಡೂ ಶ್ವಾಸಕೋಶಕ್ಕೆ ಇಳಿದಿದೆ ಎಂದರು. ಮುಖಕ್ಕೆ ಬಿಗಿಯಾದ ಮುಖವಾಡ ಕಟ್ಟಿ ಯಂತ್ರದಿಂದ ಗಾಳಿ ನೂಕಿದರು. ನನಗೆ ಮಾತಾಡಲು ಆಗುತ್ತಿರಲಿಲ್ಲ, ಕೇಳುತ್ತಿತ್ತು, ಕಾಣುತ್ತಿತ್ತು, ಅಷ್ಟೇ.

"ಶ್ವಾಸಕೋಶ ಉಳೀಬೇಕು ಅಂದ್ರೆ ಕಿಡ್ನಿ ಮಾತ್ರೇಲಿ ಒಂದು ನಿಲ್ಲಿಸ್ಬೇಕು, ಇನ್ನೊಂದು ಕಮ್ಮಿ ಮಾಡ್ಬೇಕು" ಎಂದು ಡಾಕ್ಟರಮ್ಮ ಅಕ್ಕನಿಗೆ ಹೇಳುತ್ತಿದ್ದರು. "ಆಗ ಮೈ ಕಿಡ್ನಿ ಮೇಲೆ ತಿರುಗಿಬೀಳ್ಬಹುದು. ನೀವು ಕೊಟ್ಟಿರೋದು ಹೋದ್ರೂ ಹೋಗ್ಬಹುದಮ್ಮಾ."

ಅಕ್ಕ "ನಿಲ್ಲಿಸಿ ಮೇಡಂ. ಉಸಿರು ಮೊದ್ಲು" ಎಂದು ರುಜು ಹಾಕಿದಳು. ರುಜು ಹಾಕುವಾಗ ಇನ್ನೊಂದು ಕೈಯನ್ನು ಕಿಡ್ನಿ ತೆಗೆದ ತನ್ನ ಎಡ ಪಕ್ಕೆಯ ಮೇಲಿಟ್ಟುಕೊಂಡಿದ್ದಳು.

ಎರಡನೆಯ ವಾರ ಮೊಬೈಲ್ ಹಿಡಿಯುವಷ್ಟು ಶಕ್ತಿ ಬಂತು. ಕಾರ್ಖಾನೆಯ ವಾಟ್ಸಾಪ್ ಗುಂಪಿನಲ್ಲಿ ಆವತ್ತಿನ ಫೋಟೋ. ಬರಿಮುಖದ ನಾನು, ಪಕ್ಕದಲ್ಲಿ ಬಾಯಿ ತೆರೆದಿರುವ ಆತ, ಕೆಳಗೆ ಮೆಚ್ಚುಗೆಗೆ ಎತ್ತಿದ ಹೆಬ್ಬೆರಳುಗಳ ಸಾಲು. ಆತನಿಂದ ನನಗೊಂದು ಸಂದೇಶವೂ ಇತ್ತು: ಬೇಗ ಹುಷಾರಾಗಿ, ದೇವರಿದ್ದಾನೆ, ಎರಡು ಗುಲಾಬಿ ಹೂವು. ಆ ಹೂವು ನೋಡಿ ಮೈಯೆಲ್ಲ ಉರಿದುಹೋಯಿತು. ಇವನಿಗೆ ಬೆವರಿಳಿಸದೆ ಸಾಯುವುದಿಲ್ಲ ಎಂದುಕೊಂಡೆ. ಉಸಿರಾಟ ಕಷ್ಟವಾದಾಗಲೆಲ್ಲ ದೇವರನ್ನಲ್ಲ, ಆತನನ್ನೇ ನೆನೆದೆ. ನಿಜ ಹೇಳುತ್ತೇನೆ, ದೇವರಿಗಿಂತ ಆತನೇ ಹೆಚ್ಚು ಕೆಲಸಕ್ಕೆ ಬಂದ.

ಉಸಿರು ಉಳಿಯಿತು. ಕಿಡ್ನಿ ಅರ್ಧ ಉಳಿಯಿತು. ಮೈ ತಿರುಗಿಬಿದ್ದಿತ್ತು. ಚುಚ್ಚುಮದ್ದು ಕೊಟ್ಟು ತಡೆದರು, ಆದರೆ ಹೋದದ್ದು ಹೋಯಿತು, ಇದ್ದಷ್ಟು ದಿನ ಜೋಪಾನ ಮಾಡಿಕೊಳ್ಳಿ, ಮುಂದೆ ಮತ್ತೆ ಡಯಾಲಿಸಿಸ್ ಬರಬಹುದು ಎಂದರು ಡಾಕ್ಟರಮ್ಮ. ಅಕ್ಕ ಮನೆಗೆ ಬಂದು ಅನ್ನಕ್ಕಿಟ್ಟಳು.

ಎರಡು ತಿಂಗಳ ಮೇಲೆ ಕೆಲಸಕ್ಕೆ ಹೋದೆ. ಆಸ್ಪತ್ರೆಯ ಕಾಗದದಿಂದ ಎಲ್ಲರಿಗೂ ಕಿಡ್ನಿಯ ವಿಷಯ ಗೊತ್ತಾಗಿತ್ತು. ಮ್ಯಾನೇಜರ್ ನನ್ನನ್ನು ಕಂಡರೆ ಫೋನ್ ಕಿವಿಗಿಟ್ಟುಕೊಂಡು ಬೇರೆ ದಾರಿ ಹಿಡಿಯುತ್ತಿದ್ದ. ನಾನು ಕಾದೆ. ನಮ್ಮಲ್ಲಿ ಏನಾದರೂ ಕೆಟ್ಟರೆ ವೈ-ವೈ ಹಾಳೆ, ಅಂದರೆ ಯಾಕೆ-ಯಾಕೆ ಹಾಳೆ, ಬರೆಯಬೇಕು. ಯಾಕೆ ಹೀಗಾಯಿತು ಎಂದು ಕೇಳಿ ಉತ್ತರ ಬರೆಯುವುದು, ಆ ಉತ್ತರಕ್ಕೆ ಮತ್ತೆ ಯಾಕೆ ಎಂದು ಕೇಳುವುದು, ಹೀಗೆ ಐದು ಸಲ. ಬೋರ್ಡಿಗೆ ಹಚ್ಚಿದ ಹಾಳೆಯನ್ನು ಗಿರಾಕಿ ಕಂಪನಿಯಿಂದ ತಪಾಸಣೆಗೆ ಬರುವ ಆಡಿಟರ್ ರುಜು ಹಾಕುವವರೆಗೆ ಯಾರೂ ತೆಗೆಯುವಂತಿಲ್ಲ. ಈ ನಿಯಮ ತಂದವನು ಆತನೇ. ಆಡಿಟರ್ ಬರುವ ಬೆಳಿಗ್ಗೆ ನಾನೊಂದು ಹಾಳೆ ಬರೆದೆ.

ನೌಕರ ಯಾಕೆ ಆಸ್ಪತ್ರೆ ಸೇರಿದ? ಫ್ಲೂ ತಗುಲಿ. ಫ್ಲೂ ಯಾಕೆ ತಗುಲಿತು? ಜ್ವರವಿದ್ದ ಮ್ಯಾನೇಜರ್ ಕೆಮ್ಮಿದಾಗ ನೌಕರನಿಗೆ ಮಾಸ್ಕ್ ಇರಲಿಲ್ಲ. ಯಾಕಿರಲಿಲ್ಲ? ಫೋಟೋಕ್ಕಾಗಿ ಮ್ಯಾನೇಜರ್ ತೆಗೆಸಿದರು. ಯಾಕೆ ತೆಗೆಸಿದರು? ಕಿಡ್ನಿ ಬದಲಾಯಿಸಿದ್ದು ಅವರಿಗೆ ಗೊತ್ತಿರಲಿಲ್ಲ. ಇಲ್ಲಿಗೆ ಬಂದಾಗ ಪೆನ್ನು ನಿಂತಿತು. ನಾಲ್ಕಕ್ಕೇ ಬಿಟ್ಟರೆ ಅರ್ಧ ಹಾಳೆ ಎಂದು ಹರಿದು ಎಸೆಯುತ್ತಾರೆ. ಹಲ್ಲು ಕಚ್ಚಿ ಐದನೆಯದನ್ನೂ ಬರೆದೆ. ಯಾಕೆ ಗೊತ್ತಿರಲಿಲ್ಲ? ಕೆಲಸಕ್ಕೆ ಸೇರುವಾಗಿನ ಫಾರಂನಲ್ಲಿ ದೊಡ್ಡ ಆಪರೇಷನ್ ಏನಾದರೂ ಆಗಿದೆಯೇ ಎಂಬಲ್ಲಿ ನೌಕರ ಇಲ್ಲ ಎಂದು ಬರೆದಿದ್ದ.

ಹಾಳೆಯನ್ನು ಬೋರ್ಡಿಗೆ ಹಚ್ಚಿದೆ. ಆಡಿಟರ್ ನಿಂತು ಓದಿದರು. ಮ್ಯಾನೇಜರ್ ಅವರ ಹಿಂದಿನಿಂದ ಇಣುಕಿದವನು ಬೆವೆತುಹೋದ. ಆದರೆ ಕೊನೆಯ ಸಾಲಿಗೆ ಬಂದಾಗ ಮುಖಕ್ಕೆ ಕಳೆ ಬಂತು.

"ನೋಡಿ ಸಾರ್, ಅವ್ನೇ ಬರ್ದಿದಾನೆ. ಮೊದ್ಲೇ ಹೇಳಿದ್ರೆ ಇದೆಲ್ಲಾ ಆಗ್ತಾನೇ ಇರ್ಲಿಲ್ಲ."

"ಹೇಳಿದ್ರೆ ಏನ್ ಮಾಡ್ತಿದ್ರಿ ಸಾರ್?" ಎಂದು ಕೇಳಿದೆ.

ಯೋಚನೆಯನ್ನೇ ಮಾಡದೆ, "ಕೆಲ್ಸಕ್ಕೇ ತಗೋತಿರ್ಲಿಲ್ಲ" ಎಂದುಬಿಟ್ಟ.

ಆಡಿಟ್‌ಗೆಂದು ಮಿಷನ್‌ಗಳೆಲ್ಲ ನಿಂತಿದ್ದವು, ಎಲ್ಲರಿಗೂ ಕೇಳಿಸಿತು. ಆಡಿಟರ್ ಜೇಬಿನಿಂದ ಪೆನ್ನು ತೆಗೆದು ಐದನೆಯ ಸಾಲಿನ ಕೆಳಗೆ ಆ ಮಾತನ್ನೇ ಬರೆದು, ಪಕ್ಕದಲ್ಲಿ ಆತನ ಹುದ್ದೆ ಬರೆದು, ರುಜು ಹಾಕದೆ ಹೋದರು. ಹಾಳೆ ಬೋರ್ಡಿನ ಮೇಲೇ ಉಳಿಯಿತು. ದಿನಾ ಬೆಳಿಗ್ಗೆ ಪ್ರತಿಜ್ಞೆಗೆ ಆತ ಅದರ ಎದುರಿಗೇ ನಿಲ್ಲಬೇಕು. ನನಗೆ ಆದ ಖುಷಿ ಇಷ್ಟಿಷ್ಟಲ್ಲ, ಇವತ್ತಿಗೂ ಅದಕ್ಕೆ ನಾಚಿಕೆಯಿಲ್ಲ.

ಆ ಸಂಜೆ ಅಕ್ಕನ ಎದುರು ಕೂತು ಎಲ್ಲವನ್ನೂ ಹೇಳಿದೆ. ಆತನ ಮುಖ, ಆತನ ಬೆವರು, ಐದೂ ಸಾಲು, ಒಂದೂ ಬಿಡದೆ. ಹೇಳುವ ಭರದಲ್ಲಿ ಅವಳಿಗೆ ನಾನು ಹೇಳಿದ್ದ ಸುಳ್ಳು ಬಯಲಾದದ್ದೇ ನನಗೆ ತಿಳಿಯಲಿಲ್ಲ. ಅವಳು ಮಿಷನ್ ತುಳಿಯುವುದನ್ನು ನಿಲ್ಲಿಸಿದಳು.

"ಹೇಳಿದೀನಿ ಅಂದಿದ್ದೆ."

"ಹೇಳಿದ್ರೆ ಕೆಲ್ಸ ಎಲ್ಲಿ ಸಿಗ್ತಿತ್ತಕ್ಕಾ? ಕೇಳಿದ್ಯಲ್ಲ, ಅವ್ನೇ ಒಪ್ಕೊಂಡ."

"ಸೇರೋವಾಗಿನ್ ಮಾತು ಬಿಡು. ಅವತ್ತು ಅವ್ನು ಮಾಸ್ಕ್ ತೆಗಿ ಅಂದಾಗ, ತೆಗಿಯಲ್ಲ ಅನ್ನಕ್ಕೂ ಬಾಯಿ ಬರ್ಲಿಲ್ವೇನೋ?"

ಅಕ್ಕ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಲಿಗೆಳೆದುಕೊಂಡು ನನ್ನನ್ನೇ ನೋಡಿದಳು. ಅಳುತ್ತಿರಲಿಲ್ಲ, ಕೋಪವೂ ಮಾಡಿಕೊಂಡಿರಲಿಲ್ಲ.

"ನೀನು ಅವ್ನ್ ಮೇಲೆ ಸೇಡು ತೀರಿಸ್ಕೊಂಡೆ. ಸರಿ" ಎಂದಳು. "ಅರ್ಧ ಹೋಗಿರೋದು ನನ್ ಕಿಡ್ನಿ. ನಾನ್ ಯಾರ್ ಮೇಲೆ ತೀರಿಸ್ಕೊಳ್ಳೋ?"