ಅರ್ಧ ಕಲಿತ ಟ್ಯೂನ್

ಕಳೆದ ಭಾನುವಾರ ಮೆಹದಿಪಟ್ಟಣಂ ಮಾರ್ಕೆಟ್ಟಿನಲ್ಲಿ ಹೆಂಗಸೊಬ್ಬರು ನನ್ನ ಎಡಗೈ ಹಿಡಿದು ಬೆರಳ ತುದಿಗಳನ್ನು ಒತ್ತಿ ನೋಡಿದರು. "ಮೆತ್ತಗ ಆಗ್ಯಾವಲ್ಲವ್ವ" ಎಂದರು. ನಾನು ತಲೆ ತಗ್ಗಿಸಿದೆ.

ಅವರು ಶಾಂತಾಬಾಯಿ. ನನಗೆ ಗಿಟಾರ್ ಕಲಿಸುತ್ತಿದ್ದ ಚಂದ್ರಕಾಂತ್ ಸರ್ ಅವರ ಹೆಂಡತಿ.

ಹೋದ ವರ್ಷ ನಾನೊಂದು ಗಿಟಾರ್ ಕೊಂಡೆ. (ನಮ್ಮ ಟೀಮಿನಲ್ಲಿ ಆಗ ಎಲ್ಲರೂ ಏನಾದರೊಂದು ಕೊಳ್ಳುತ್ತಿದ್ದರು.) ನುಡಿಸಲು ಬರಬೇಡವೇ? ಇಂಟರ್ನೆಟ್ಟಿನ ಪುಕ್ಕಟೆ ಪಾಠಗಳನ್ನು ಆಫೀಸಿನಲ್ಲೇ ಕದ್ದು ಪ್ರಿಂಟ್ ತೆಗೆದೆ. ಕಾಗದ ನನ್ನ ತಪ್ಪು ತಿದ್ದಲಿಲ್ಲ. ಕೊನೆಗೆ ಇಲ್ಲಿನ ಕನ್ನಡಿಗರ ಇಮೇಲ್ ಗ್ರೂಪಿನಲ್ಲಿ ಕೇಳಿದೆ: ಹೊಸಬರಿಗೆ ಬಿಟ್ಟಿಯಾಗಿ ಕಲಿಸುವವರು ಯಾರಾದರೂ ಇದ್ದೀರಾ? ಬಂದದ್ದು ಒಂದೇ ಉತ್ತರ. ಊರಾಚೆ ಕಾರ್ಖಾನೆಗಳಿರುವ ಪಟಾನ್‌ಚೆರುವಿನ ವಿಳಾಸ.

ಸರ್ ಬೀದರಿನವರು. ಔಷಧ ಕಾರ್ಖಾನೆಯಲ್ಲಿ ಕೆಲಸ. ಹನ್ನೊಂದು ವರ್ಷದ ಹಿಂದೆ ಮಷೀನಿಗೆ ಸಿಕ್ಕ ಎಡಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ತಂತಿ ಒತ್ತಲಾರದ ಮನುಷ್ಯ ಪ್ರತಿ ಭಾನುವಾರ ತಮ್ಮ ಮನೆಯಲ್ಲಿ ಬರೀ ಬಾಯಲ್ಲಿ ಹೇಳಿ ಕಲಿಸಿದರು.

"ಬೆರಳು ನೋಯ್ತಾವ ತಂಗಿ, ನೋಯ್ಲಿ. ಗಟ್ಟಿ ಆಗಾಕತ್ತಾವ ಅಂತ ತಿಳಿ."

ಮೂರು ತಿಂಗಳಿಗೆ, ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಕಾರ್ಡ್‌ಗಳು ಕೈಗೆ ಹತ್ತಿದವು. ಆಮೇಲೆ ಒಂದು ನಿಧಾನದ ಟ್ಯೂನ್ ಶುರುಮಾಡಿದರು. ಅವರು ಒಂದೊಂದೇ ಸಾಲು ಗುನುಗುವುದು, ನಾನು ನುಡಿಸುವುದು. ಆ ಹೊತ್ತಿನಲ್ಲಿ ಅಡುಗೆಮನೆಯ ಪಾತ್ರೆ ಸದ್ದು ನಿಂತುಹೋಗುತ್ತಿತ್ತು.

"ಇದು ಯಾವ ಹಾಡು ಸರ್?"

"ಇರ್ಲಿ. ಮೊದಲ ಪೂರಾ ಕಲಿ."

ಅರ್ಧ ಬಂದಿತ್ತು. ಅಷ್ಟರಲ್ಲಿ ಆಫೀಸಿನಲ್ಲಿ ಪ್ರಾಜೆಕ್ಟ್ ರಿಲೀಸ್. ಒಂದು ಭಾನುವಾರ ತಪ್ಪಿಸಿದೆ. ಎರಡು, ಮೂರು. ನಾಲ್ಕನೆಯದಕ್ಕೆ ಮುಖ ತೋರಿಸಲು ನಾಚಿಕೆ. ಅವರೇ ಒಮ್ಮೆ ಫೋನ್ ಮಾಡಿದರು. ಮೀಟಿಂಗಿನಲ್ಲಿದ್ದೇನೆ ಎಂದೆ. (ಇರಲಿಲ್ಲ.) ಫೀಸು ಕಟ್ಟಿದ್ದರೆ ಹೀಗೆ ಮಾಡುತ್ತಿದ್ದೆನೇ?

ಮಾರ್ಕೆಟ್ಟಿನಲ್ಲಿ ಧೈರ್ಯ ಮಾಡಿ ಕೇಳಿದೆ: "ಸರ್ ಹೇಗಿದ್ದಾರೆ ಅಮ್ಮಾ?"

"ಹೋಗಿ ಎರಡ ತಿಂಗಳಾತವ್ವ. ಹಾರ್ಟ್ ಅಟ್ಯಾಕ್."

ಕೈಯಲ್ಲಿದ್ದ ಚೀಲ ಕೆಳಗಿಟ್ಟೆ. ಅವರೇ ಮುಂದುವರಿಸಿದರು: "ಆ ಟ್ಯೂನು ನಮ್ಮ ಮದಿವಿ ಆದ ಹೊಸದಾಗ ಅವರ ಕಟ್ಟಿದ್ದು. ಕೈ ಹೋದ ಮ್ಯಾಲ ಗಿಟಾರ್‌ನ್ಯಾಗ ನಾ ಕೇಳೇ ಇಲ್ಲ. ನನಗ ಕೇಳಸಬೇಕಂತನ ನಿನಗ ಕಲಸಾಕತ್ತಿದ್ರು. ಒಮ್ಮೆ ಬಂದು ನುಡಸ್ತಿಯೇನು?"

ಅವತ್ತು ಮಧ್ಯಾಹ್ನವೇ ಗಿಟಾರ್ ಹೊತ್ತು ಪಟಾನ್‌ಚೆರುವಿನ ಬಸ್ಸು ಹತ್ತಿದೆ. ಶಾಂತಾಬಾಯಿ ಕಣ್ಣು ಮುಚ್ಚಿ ಗೋಡೆಗೊರಗಿ ಕೂತರು. ತಡವರಿಸುತ್ತಾ ನುಡಿಸಿದೆ. ಗೊತ್ತಿದ್ದಷ್ಟು ಮುಗಿಯಿತು. ಅವರು ಕಣ್ಣು ತೆರೆಯಲಿಲ್ಲ.

"ಮುಂದ?"

"ಇಷ್ಟೇ ಬರೋದು ಅಮ್ಮಾ. ನಿಮಗೇನಾದರೂ ನೆನಪಿದೆಯಾ? ಗುನುಗಿದರೆ ನಾನು..."

ಬಾಯಿ ತೆರೆದರು. ಎರಡು ಸ್ವರ ಬಂತು, ಮೂರನೆಯದು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು.

"ಭಾಳ ವರ್ಷ ಆತಲ್ಲವ್ವ" ಎಂದು ಚಹಾ ಇಡಲು ಎದ್ದುಹೋದರು.

ಬಿಟ್ಟಿ ಪಾಠ ತಪ್ಪಿಸಿದರೆ ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದವಳು ನಾನು.