ಹೆದರಿಸುವ ಪುಸ್ತಕಗಳು

ಗಾಳಿಬೀಡಿನ ನಮ್ಮ ಪುಟ್ಟ ವಾಚನಾಲಯವನ್ನು ನೋಡಿಕೊಳ್ಳುವವಳು ನಾನು. ಸಂಬಳವಿಲ್ಲದ ಕೆಲಸ, ಬೈಗುಳ ಮಾತ್ರ ಧಾರಾಳ. ಪಕ್ಕದಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿರುವವಳು ಒಂದು ದಿನ ಬಂದು ಕೇಳಿದಳು: “ಅಕ್ಕಾ, ಮನುಷ್ಯರೆಲ್ಲ ಒಟ್ಟಿಗೇ ಮುಗಿದು ಹೋಗ್ಬಹುದು ಅಂತಾರಲ್ಲ, ನಿಜವಾ? ಹೊಸದಾಗಿ ಓದೋರಿಗೆ ಅರ್ಥ ಆಗೋ ಹಂಗೆ ಏನಾದ್ರೂ ಇದ್ರೆ ಕೊಡಿ.”

ನನಗೆ ಖುಷಿಯೋ ಖುಷಿ. ಮೂರು ಪುಸ್ತಕ ಆರಿಸಿದೆ. ಮೊದಲು ಸಾಂಕ್ರಾಮಿಕ ರೋಗಗಳದ್ದು. ಮಾಸ್ಕ್ ಹಾಕಿಕೊಂಡು ಬದುಕಿದವರಿಗೆ ಅದು ಬೇಗ ಅರ್ಥವಾಗುತ್ತದೆ. ಆಮೇಲೆ ಅಣುಬಾಂಬಿನದು. ತಾನೇ ಯೋಚಿಸುವ ಯಂತ್ರಗಳದ್ದು ಕೊನೆಗೆ, ಅದಕ್ಕೆ ತಾಳ್ಮೆ ಬೇಕು. ದಪ್ಪ ಪುಸ್ತಕಗಳನ್ನು ಈಗಲೇ ಮುಟ್ಟಬೇಡ ಎಂದೆ.

ಅಷ್ಟರಲ್ಲಿ ವಾಚನಾಲಯದ ಅಧ್ಯಕ್ಷರು ಬಂದರು. ದೊಡ್ಡ ಎಸ್ಟೇಟಿನ ಯಜಮಾನರು. ಪುಸ್ತಕಗಳನ್ನು ತಿರುವಿ ನೋಡಿ, ಬೀರುವಿನೊಳಗಿಟ್ಟು ಬೀಗ ಜಡಿದೇಬಿಟ್ಟರು.

“ಗುಡ್ಡ ಜಾರಿ ಮನೇನೂ ಅವ್ವನ್ನೂ ಕಳ್ಕೊಂಡ ಹೆಣ್ಣಿಗೆ ಇಂಥದ್ದನ್ನ ಕೊಡೋದಾ? ಸುಮ್ನೆ ಯಾಕೆ ಹೆದರಿಸ್ತೀರಿ? ಯಾವುದಾದ್ರೂ ಭಕ್ತಿಕಥೆ ಕೊಡಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಯಾರಿಗೆ ಯಾರು ಬುದ್ಧಿ ಹೇಳುವುದು! ನಮ್ಮ ಕಡೆ ಎಸ್ಟೇಟುಗಳಲ್ಲೆಲ್ಲ ಮಳೆ ಅಳೆಯುವ ಡಬ್ಬಿ ಇರುತ್ತದೆ. ಬೆಳಿಗ್ಗೆ ಅಳತೆ ನೋಡಿ ಒಬ್ಬರಿಗೊಬ್ಬರು ಫೋನ್ ಮಾಡದಿದ್ದರೆ ಈ ಯಜಮಾನರಿಗೆ ಗಂಟಲಲ್ಲಿ ಕಾಫಿ ಇಳಿಯುವುದಿಲ್ಲ. ಗುಡ್ಡ ಜಾರಿದ ಆ ಮಳೆಗಾಲದಲ್ಲೂ ಅದೇ ಪಾಡು. “ಎಲ್ಲರಿಗಿಂತ ನಮ್ಮಲ್ಲೇ ಜಾಸ್ತಿ, ನಿಮ್ಮಲ್ಲೆಷ್ಟು ಇಂಚು?” ಏನೋ ಪಂದ್ಯ ಗೆದ್ದವರ ಹಾಗೆ ಜಂಬ! ಇವಳ ಮನೆಯ ಮೇಲಿನ ಇಳಿಜಾರಿನಲ್ಲಿ ನೆಲ ಬಿರಿದಿದ್ದನ್ನು ಹೋಗಿ ನೋಡಲು ಮಾತ್ರ ಒಬ್ಬರಿಗೂ ಪುರುಸೊತ್ತಿರಲಿಲ್ಲ. ಈಗ ಅವಳ ಕೈಯಿಂದ ಪುಸ್ತಕ ಕಿತ್ತುಕೊಳ್ಳಲು ಪುರುಸೊತ್ತಿದೆ. ಥೂ!

“ಸಾರ್, ಮೊದಲು ಬೀಗ ತೆಗೀರಿ” ಎಂದೆ. ನನ್ನ ದನಿ ರಸ್ತೆಗೇ ಕೇಳಿಸಿರಬೇಕು, ಆಚೆ ಆಟೋದವನು ತಿರುಗಿ ನೋಡಿದ.

“ಅಯ್ಯೋ, ಅವಳ ಒಳ್ಳೇದಕ್ಕೇ ಅಲ್ವಾ ಹೇಳೋದು? ಪಾಪ, ಹೆದರ್ಬಾರ್ದು ಅಂತ.”

ಹೊಲಿಗೆ ಅಂಗಡಿಯವಳು ಅಧ್ಯಕ್ಷರ ಎದುರಿಗೆ ಬಂದಳು. ಅಳುತ್ತಿರಲಿಲ್ಲ. ಜಗಳಕ್ಕೆ ನಿಂತವಳ ಹಾಗೂ ಇರಲಿಲ್ಲ.

“ನೆಲ ಬಿರಿದಿದೆ ಅಂತ ಮಳೇಲಿ ನೆನ್ಕೊಂಡು ನಿಮ್ಮ ಮನೆಗೆ ಬಂದಿದ್ದೆ, ನೆನಪಿದ್ಯಾ ಸಾರ್? ಆಗ್ಲೂ ಹೆದರ್ಬೇಡ ಅಂದ್ರಿ. ನೀವು ದೊಡ್ಡೋರು ಅಂತ ನಾನೂ ಹೋಗಿ ಅವ್ವಂಗೆ ಅದನ್ನೇ ಹೇಳ್ದೆ. ಅವ್ವ ಹೆದರ್ಲಿಲ್ಲ ಸಾರ್. ಚಾಪೆ ಹಾಸ್ಕೊಂಡು ಮಲಗಿದ್ಲು.”