ದೀಪ ಹತ್ತಿದ ಸ್ವಿಚ್ಚಿಗೆ ಪೂಜೆ

2023ರಲ್ಲಿ ನಾನು ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಹರಿಹರದಲ್ಲಿ ನಮ್ಮದೊಂದು ಶಾಖೆ ಇತ್ತು. ಅಲ್ಲಿ ಸಿ.ಟಿ. ಸ್ಕ್ಯಾನ್ ಯಂತ್ರ ಇತ್ತು, ಅದರ ಚಿತ್ರಗಳನ್ನು ಓದುವ ರೇಡಿಯಾಲಜಿಸ್ಟ್ ಇರಲಿಲ್ಲ. ಚಿತ್ರಗಳು ನೆಟ್‌ವರ್ಕ್ ಮೂಲಕ ದಾವಣಗೆರೆಗೆ ಬರಬೇಕು, ಇಲ್ಲಿಯ ವೈದ್ಯರು ನೋಡಿ ಹೇಳಬೇಕು, ಆಮೇಲೆ ಅಲ್ಲಿ ಚಿಕಿತ್ಸೆ. ಆ ದಾರಿಯೆಲ್ಲ ಹಾದುಹೋಗುತ್ತಿದ್ದದ್ದು ದಾವಣಗೆರೆಯ ಸರ್ವರ್ ಕೋಣೆಯಲ್ಲಿದ್ದ ಮೂರು ಸ್ವಿಚ್‌ಗಳ ಮೂಲಕ.

ಸ್ವಿಚ್ ಎಂದರೆ ಗೋಡೆಯ ಮೇಲಿನದಲ್ಲ. ಹತ್ತಾರು ಕಂಪ್ಯೂಟರ್‌ಗಳ ಕೇಬಲ್‌ಗಳನ್ನು ಒಂದೆಡೆ ಸೇರಿಸುವ ಪೆಟ್ಟಿಗೆ. ಅಂಥ ಮೂರನ್ನು ಒಂದರ ಮೇಲೊಂದಿಟ್ಟು ವಿಶೇಷ ಕೇಬಲ್‌ನಿಂದ ಬೆಸೆದರೆ ಅದು ಸ್ಟ್ಯಾಕ್. ಮೂರೂ ಸೇರಿ ಒಂದೇ ಯಂತ್ರದಂತೆ ನಡೆಯುತ್ತವೆ. ಅವುಗಳಲ್ಲಿ ಒಂದು ಯಜಮಾನ, ಅದನ್ನು ಮಾಸ್ಟರ್ ಎನ್ನುತ್ತೇವೆ. ಉಳಿದವು ಅದರ ಸೆಟ್ಟಿಂಗ್‌ನಂತೆ ಕೆಲಸ ಮಾಡುತ್ತವೆ.

ಹೊಸ ವಾರ್ಡು ಕಟ್ಟಿದ್ದರಿಂದ ನಾಲ್ಕನೆಯ ಸ್ವಿಚ್ ಸೇರಿಸಬೇಕಿತ್ತು. ಕೆಲಸ ಕಷ್ಟದ್ದಲ್ಲ, ಆದರೆ ಒಂದು ಕಟ್ಟುನಿಟ್ಟು ಇದೆ. ಹೊಸದನ್ನು ಆಫ್ ಇಟ್ಟೇ ಕೇಬಲ್ ಹಾಕಿ, ಆಮೇಲೆ ಕರೆಂಟ್ ಕೊಡಬೇಕು. ಆಗ ಅದು ಹೊಸದಾಗಿ ಬಂದ ಸೊಸೆಯಂತೆ ಮನೆಯ ರೀತಿಗೆ ಹೊಂದಿಕೊಳ್ಳುತ್ತದೆ. ಮೊದಲೇ ಆನ್ ಆಗಿದ್ದರೆ ತಾನೇ ಯಜಮಾನ ಎಂದುಕೊಂಡಿರುತ್ತದೆ. ಇಬ್ಬರು ಯಜಮಾನರು ಎದುರಾದಾಗ ಪೈಪೋಟಿ ನಡೆದು, ಸೋತ ಕಡೆಯ ಸ್ವಿಚ್‌ಗಳೆಲ್ಲ ರೀಸ್ಟಾರ್ಟ್ ಆಗಿ ಗೆದ್ದದ್ದರ ಸೆಟ್ಟಿಂಗ್ ಹಾಕಿಕೊಳ್ಳುತ್ತವೆ. ಹಾಗಾಗಿ ರೋಗಿಗಳು ಕಡಿಮೆ ಇರುವ ಭಾನುವಾರ ಬೆಳಿಗ್ಗೆ, ನಾನೇ ನಿಂತು ಮಾಡಿಸುತ್ತೇನೆ ಎಂದು ಹೇಳಿದ್ದೆ.

ನಮ್ಮ ಆಸ್ಪತ್ರೆಯ ಅಧ್ಯಕ್ಷರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಶುಕ್ರವಾರ, ರಾಹುಕಾಲಕ್ಕೆ ಮುಂಚೆ ಮುಹೂರ್ತ ಚೆನ್ನಾಗಿದೆಯಂತೆ. ನಾನು ಅಂದು ಹರಿಹರ ಶಾಖೆಯ ಕೆಲಸಕ್ಕೆ ಹೋಗಿದ್ದೆ. ಹೊರಡುವಾಗ ಪೂಜೆಯೊಂದೇ ಎಂದಿದ್ದರು. ಪೂಜೆಗೆ ನನ್ನದೇನು ಅಡ್ಡಿ? ಆಯುಧ ಪೂಜೆಗೆ ಸರ್ವರ್ ಕೋಣೆಗೆ ಹೂವು ಏರಿಸುವವಳೇ ನಾನು.

ಹರಿಹರದಲ್ಲಿ ಅದೇ ಹೊತ್ತಿಗೆ ಗಿರಿಜಮ್ಮ ಎಂಬವರನ್ನು ಸ್ಟ್ರೆಚರ್ ಮೇಲೆ ತಂದರು. ಮನೆಯಲ್ಲಿ ರವಿಕೆ ಹೊಲಿದು ಸಂಸಾರ ನಡೆಸುವ ಹೆಂಗಸು. ಬಲಗೈ, ಬಲಗಾಲು ಬಿದ್ದುಹೋಗಿ ಮಾತು ತೊದಲುತ್ತಿತ್ತು. ತಲೆಸುತ್ತಿರಬೇಕೆಂದು ಗಂಡ ಮನೆಯಲ್ಲೇ ಒಂದಷ್ಟು ಹೊತ್ತು ಮಲಗಿಸಿದ್ದ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಒಳಗೆ ರಕ್ತಸ್ರಾವ ಇಲ್ಲವೆಂದು ಸ್ಕ್ಯಾನ್ ನೋಡಿ ಖಚಿತಪಡಿಸಿಕೊಂಡೇ ಕೊಡಬೇಕು. ಗಿರಿಜಮ್ಮನಿಗೆ ಉಳಿದಿದ್ದು ಒಂದು ಗಂಟೆಗೂ ಕಡಿಮೆ.

ಸ್ಕ್ಯಾನ್ ಆಯಿತು. ಚಿತ್ರಗಳು ಅರ್ಧ ಹೋದವು, ನಿಂತವು. ಡ್ಯೂಟಿ ಡಾಕ್ಟರ್ ನನ್ನ ಕಡೆ ತಿರುಗಿ, "ಏನ್ರಿ ಮೇಡಂ, ದಾವಣಗೆರೆ ಸತ್ತೋತೇನ್ರಿ?" ಎಂದರು. ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದು ಕಳಿಸಿದರು. ಅದನ್ನು ನೋಡಿ ರಕ್ತಸ್ರಾವ ಇಲ್ಲವೆಂದು ಹೇಳಲಾರೆ ಎಂದರು ರೇಡಿಯಾಲಜಿಸ್ಟ್. ಅವರು ಹೇಳಿದ್ದು ಸರಿಯೇ, ಒಳಗೆ ರಕ್ತವಿದ್ದರೆ ಆ ಇಂಜೆಕ್ಷನ್ನೇ ಕೊಲ್ಲುತ್ತದೆ.

ಸ್ವಿಚ್ ಮಾರಿದ ಕಂಪನಿಯ ಎಂಜಿನಿಯರ್ ನವೀನನಿಗೆ ಫೋನ್ ಮಾಡಿದೆ.

"ಆಫ್ ಇಟ್ಟೇ ಪೂಜಿ ಮಾಡ್ರಿ ಅಂದೆ ಮೇಡಂ. ಲೈಟ್ ಹತ್ತದ ಮಷಿನ್‌ಗೆ ಹೆಂಗೆ ಪೂಜಿ ಮಾಡೋದು ಅಂದ್ರು ಅಧ್ಯಕ್ಷರು. ಆನ್ ಮಾಡಿದೆ."

"ಆಮೇಲಾದ್ರೂ ಆಫ್ ಮಾಡಬೇಕಿತ್ತಲ್ಲಪ್ಪ!"

"ಮಾಡಾಕ ಹೋದೆ ರೀ. ಮಂಗಳಾರತಿ ಆದ ಮ್ಯಾಲೆ ದೀಪ ಆರಿಸಬ್ಯಾಡ, ಅಪಶಕುನ ಅಂತ ಕೈ ಹಿಡಿದ್ರು. ಕೇಬಲ್ಲೂ ಅವರೇ ಹಾಕಿದ್ರು."

ನನ್ನ ಪಿತ್ತ ನೆತ್ತಿಗೇರಿತು. ಮಾರಿದ ಕಂಪನಿಯವರು ಪರೀಕ್ಷೆಗೆಂದು ಹೊಸ ಸ್ವಿಚ್ಚಿಗೆ ಯಜಮಾನನಾಗಲು ಎಲ್ಲಕ್ಕಿಂತ ಹೆಚ್ಚಿನ ಆದ್ಯತೆ ಕೊಟ್ಟು ಹಾಗೆಯೇ ಬಿಟ್ಟಿದ್ದರು. ಹಾಗಾಗಿ ಪೈಪೋಟಿಯಲ್ಲಿ ಅದೇ ಗೆದ್ದಿತು. ಏನೂ ಗೊತ್ತಿಲ್ಲದ ಖಾಲಿ ಪೆಟ್ಟಿಗೆ ತನ್ನ ಖಾಲಿ ಸೆಟ್ಟಿಂಗನ್ನು ಮೂರು ಹಳೆಯ ಸ್ವಿಚ್‌ಗಳಿಗೂ ಹಂಚಿತು. ಇಡೀ ಆಸ್ಪತ್ರೆಯ ಜಾಲ ಮಲಗಿತು. ಹೊಸದನ್ನು ಕಿತ್ತು ಪಕ್ಕಕ್ಕಿಡಲು ಹೇಳಿದೆ. ಹಳೆಯ ಸೆಟ್ಟಿಂಗ್‌ನ ಬ್ಯಾಕಪ್ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಸ್ಕ್ಯಾನಿನ ಚಿತ್ರಗಳ ಭಾರವನ್ನು ಹೊರಲಾರದ ಅಲ್ಲಿಯ ಮಂದ ಮೊಬೈಲ್ ಇಂಟರ್ನೆಟ್ಟಿಗೂ ಅದು ಪುಟ್ಟ ಫೈಲು. ಅದನ್ನು ಕಳಿಸಿ, ಫೋನಿನಲ್ಲೇ ಒಂದೊಂದಾಗಿ ಹೇಳಿ ಹಾಕಿಸಿದೆ. ಇತ್ತ ಡಾಕ್ಟರು ಸ್ಕ್ಯಾನಿನ ಸಿ.ಡಿ. ಕೊಟ್ಟು ಗಿರಿಜಮ್ಮನನ್ನು ಆಂಬುಲೆನ್ಸ್ ಹತ್ತಿಸಿದರು. ಅವರು ದಾವಣಗೆರೆ ಮುಟ್ಟಿದಾಗ ನೆಟ್‌ವರ್ಕೂ ಎದ್ದಿತು. ಚಿತ್ರದಲ್ಲಿ ರಕ್ತಸ್ರಾವ ಇರಲಿಲ್ಲ. ಇಂಜೆಕ್ಷನ್ ಕೊಡುವ ಹೊತ್ತು ಮೀರಿತ್ತು.

ಮರುದಿನ ಸಭೆ. ಮೊದಲು ನವೀನನ ತಲೆಯ ಮೇಲೆ ಗೂಬೆ ಕೂರಿಸಲು ನೋಡಿದರು. ಆನ್ ಮಾಡಿಸಿದವರು ಯಾರು, ಕೇಬಲ್ ಹಾಕಿದವರು ಯಾರು ಎಂದು ನಾನು ಎಲ್ಲರೆದುರು ಕೇಳಿದೆ. ಅಧ್ಯಕ್ಷರು ನಕ್ಕರು. ಆ ನಗು ಇವತ್ತಿಗೂ ನನ್ನ ಮೈ ಉರಿಸುತ್ತದೆ.

"ಬಿಡ್ರಿ ಮೇಡಂ, ಟೆಕ್ನಿಕಲ್ ಪ್ರಾಬ್ಲಂ. ಯಾರ ತಪ್ಪೂ ಅಲ್ಲ. ಪೇಷೆಂಟ್ ಕಡೆಯೋರಿಗೆ ಏನೂ ಹೇಳೋದು ಬ್ಯಾಡ."

ನಾನು ಬರೆದುಕೊಟ್ಟ ವರದಿಗೆ ಉತ್ತರ ಬರಲಿಲ್ಲ. ಮತ್ತೆ ಕೇಳಿದೆ, ಮತ್ತೆ ಬರಲಿಲ್ಲ. ಗಿರಿಜಮ್ಮ ವಾರಕ್ಕೊಮ್ಮೆ ದಾವಣಗೆರೆಯ ಆಸ್ಪತ್ರೆಗೇ ಫಿಸಿಯೋಥೆರಪಿಗೆ ಬರತೊಡಗಿದರು. ಮಾತು ಮರಳಿತು, ಕಾಲೆಳೆದು ನಡೆಯುವಂತಾಯಿತು. ಬಲಗೈ ಮಾತ್ರ ಮಡಿಲಲ್ಲಿ ಬಿದ್ದಿರುತ್ತಿತ್ತು. ಹೊಲಿಗೆ ಯಂತ್ರವನ್ನು ಪಕ್ಕದ ಮನೆಯವರಿಗೆ ಮಾರಿದರಂತೆ.

ನನ್ನ ವೃತ್ತಿ ಕಲಿಸಿದ್ದು ಇಷ್ಟು: ಯಂತ್ರಕ್ಕೆ ತನ್ನದೇ ಇಚ್ಛೆ ಇಲ್ಲ. 'ಟೆಕ್ನಿಕಲ್ ಪ್ರಾಬ್ಲಂ' ಎಂದು ಯಾರಾದರೂ ಕೈ ತೊಳೆದುಕೊಂಡರೆ, ಆ ಕೈ ಎಲ್ಲಿತ್ತು ಎಂದು ಕೇಳಬೇಕು. ಕೇಳಿದ ಮೇಲೆ, ನಷ್ಟವಾದವರಿಗೆ ಹೇಳಲೂಬೇಕು. ವರದಿ ಮೇಜಿನ ಮೇಲೆ ಕೊಳೆಯುವುದನ್ನು ನೋಡುತ್ತಾ ಕೂರುವುದು ಎಂಜಿನಿಯರಿಂಗ್ ಅಲ್ಲ.

ಒಂದು ದಿನ ಫಿಸಿಯೋಥೆರಪಿ ಕೋಣೆಯ ಹೊರಗೆ ಗಿರಿಜಮ್ಮನ ಪಕ್ಕ ಕೂತು, ಶುಕ್ರವಾರ ನಡೆದದ್ದನ್ನೆಲ್ಲ ಹೇಳಿದೆ. ಪೂಜೆ, ಲೈಟು, ಕೇಬಲ್, ಒಂದೂ ಬಿಡಲಿಲ್ಲ. ಇಂಜೆಕ್ಷನ್ ಕೊಟ್ಟಿದ್ದರೆ ಕೈ ಖಂಡಿತ ಉಳಿಯುತ್ತಿತ್ತೆಂದು ಹೇಳಲಾರೆ, ಉಳಿಯುವ ಅವಕಾಶವನ್ನು ನಾವು ಕಸಿದುಕೊಂಡೆವು ಎಂದೆ. ಅವರು ಎಡಗೈಯಿಂದ ಬಲಗೈಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ನನ್ನ ಮುಖ ನೋಡಿದರು.

"ಅಲ್ರಿ ಮೇಡಂ, ಇಷ್ಟು ದಿನ ಸುಮ್ನ ದೇವ್ರಿಗೆ ಬೈದೆನಲ್ರಿ ನಾನು!"

ಅವರ ದನಿ ಏರಿತು. "ಎಲ್ಲೈತ್ರಿ ಆ ಅಧ್ಯಕ್ಷರ ರೂಮು?"

ಮೇಲಿನ ಮಹಡಿ ಎಂದೆ. ಲಿಫ್ಟಿಗೆ ಕಾಯಲಿಲ್ಲ ಅವರು. ಎಡಗೈಯಿಂದ ನನ್ನ ತೋಳು ಹಿಡಿದು, ಕಾಲೆಳೆಯುತ್ತಾ ಮೆಟ್ಟಿಲು ಹತ್ತತೊಡಗಿದರು.